ಆಪರೇಷನ್ ಮಾಡುತ್ತಲೇ ಕಲಿಸುವುದು: ಸರ್ಜನ್‌ಗೆ ಎರಡೂ ಕೆಲಸ ಒಟ್ಟಿಗೆ ಆಗುತ್ತವಾ?

ಬಯಲುಸೀಮೆ ಸರ್ಜನ್

ಎಲ್ಲರಿಗೂ ನಮಸ್ಕಾರ. ಎಂಎಸ್ (ಸರ್ಜರಿಯ ಪಿಜಿ ಡಿಗ್ರಿ) ಆಯಿತು, ಸೀನಿಯರ್ ರೆಸಿಡೆನ್ಸಿ ಆಯಿತು. ಈಗ ಒಂದು ಮೆಡಿಕಲ್ ಕಾಲೇಜಿನಲ್ಲಿ ಜನರಲ್ ಸರ್ಜರಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದೇನೆ. ಊರಿನ ಖಾಸಗಿ ಆಸ್ಪತ್ರೆಯೊಂದು ಫುಲ್ ಟೈಮ್ ಬನ್ನಿ ಎಂದು ಕರೆಯುತ್ತಿದೆ. ಸಂಬಳ ಈಗಿನದಕ್ಕಿಂತ ಎಷ್ಟೋ ಜಾಸ್ತಿ. ಮನೆಯಲ್ಲಿ ಎಲ್ಲರೂ ಹೋಗು ಅನ್ನುತ್ತಾರೆ.

ನನಗೆ ಕಲಿಸುವುದು ಇಷ್ಟ. ಬೆಳಗಿನ ಬೆಡ್‌ಸೈಡ್ ಕ್ಲಿನಿಕ್‌ನಲ್ಲಿ ಹುಡುಗರು ಮೊದಲ ಸಲ ಒಂದು ಗಡ್ಡೆಯನ್ನು ಕೈಯಲ್ಲೇ ಗುರುತು ಹಿಡಿದಾಗ ಅವರ ಮುಖ ನೋಡಬೇಕು. ಅದನ್ನು ಬಿಡಲು ಮನಸ್ಸಿಲ್ಲ. ಆದರೆ ಹೆದರಿಕೆಯೂ ಇದೆ. ಕೇಸ್‌ಗಳನ್ನೆಲ್ಲ ಪಿಜಿಗಳಿಗೆ (ಎಂಎಸ್ ಓದುತ್ತಿರುವ ಎಳೆಯ ಡಾಕ್ಟರ್‌ಗಳಿಗೆ) ಕೊಟ್ಟರೆ ನನ್ನ ಕೈ ಪಳಗುವುದು ಯಾವಾಗ? ನನ್ನ ಬ್ಯಾಚಿನವರು ಹೊರಗೆ ದಿನಾ ಲ್ಯಾಪ್ ಕೇಸ್ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಮಾಡುತ್ತಿದ್ದಾರೆ. ನಾನು ಅಟೆಂಡೆನ್ಸ್, ಪಿಜಿಗಳು ಮಾಡಿದ ಕೇಸ್ ಬರೆಯುವ ಲಾಗ್ ಬುಕ್, ಇನ್ಸ್‌ಪೆಕ್ಷನ್ ಫೈಲ್ ಹಿಡಿದು ಕೂತಿರುತ್ತೇನೆ.

ಇಡೀ ವೃತ್ತಿಜೀವನ ಎರಡನ್ನೂ ಚೆನ್ನಾಗಿ ಮಾಡಿದವರು ಇದ್ದಾರಾ? ಹೇಗೆ ಮಾಡಿದರು? ಬಲ್ಲವರು ವಿವರವಾಗಿ ಬರೆಯಿರಿ.

ಹಳೇ ಮೇಷ್ಟ್ರು

ಇದ್ದಾರೆ. ಒಬ್ಬರ ಕಥೆ ಹೇಳುತ್ತೇನೆ. ಒಳ್ಳೆಯದೂ ಕೆಟ್ಟದ್ದೂ ಎರಡೂ ಇರುವುದರಿಂದಲೇ ಈ ಕಥೆ ಆರಿಸಿಕೊಂಡಿದ್ದು.

ವಿಲಿಯಂ ಹಾಲ್‌ಸ್ಟೆಡ್. ಹುಟ್ಟಿದ್ದು 1852, ನ್ಯೂಯಾರ್ಕ್. ಓದು ಮುಗಿಸಿ 1878ರಿಂದ 1880ರವರೆಗೆ ಯುರೋಪಿನಲ್ಲಿದ್ದರು. ವಿಯೆನ್ನಾದಲ್ಲಿ ಬಿಲ್‌ರೋತ್ ಅವರಂಥ ದೊಡ್ಡ ಸರ್ಜನ್‌ಗಳ ಕೆಲಸ ಕಂಡರು. ಅಲ್ಲಿ ಎಳೆಯ ಸರ್ಜನ್‌ಗಳು ಗುರುವಿನ ಹತ್ತಿರ ವರ್ಷಗಟ್ಟಲೆ ಇದ್ದು, ಮೆಟ್ಟಿಲು ಮೆಟ್ಟಿಲಾಗಿ ಹೊಣೆ ಹೊರುತ್ತಿದ್ದರು. ಅಮೆರಿಕದಲ್ಲಿ ಆಗ ಅಂಥ ಪದ್ಧತಿ ಇರಲಿಲ್ಲ. ಡಿಗ್ರಿ ಸಿಕ್ಕ ತಕ್ಷಣ ಚಾಕು ಹಿಡಿಯಬಹುದಿತ್ತು. 1889ರಲ್ಲಿ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆಯಿತು. ಹಾಲ್‌ಸ್ಟೆಡ್ ಅಲ್ಲಿ ಸರ್ಜರಿ ವಿಭಾಗ ಕಟ್ಟಿದರು. ಇವತ್ತು ನಾವು ರೆಸಿಡೆನ್ಸಿ ಅನ್ನುವ, ಆಸ್ಪತ್ರೆಯಲ್ಲೇ ಇದ್ದು ಪಡೆಯುವ ತರಬೇತಿಯ ಬೇರು ಅಲ್ಲಿದೆ. 1904ರಲ್ಲಿ ಯೇಲ್‌ನಲ್ಲಿ ಸರ್ಜನ್‌ನ ತರಬೇತಿ ಬಗ್ಗೆಯೇ ಒಂದು ದೊಡ್ಡ ಉಪನ್ಯಾಸ ಕೊಟ್ಟರು.

ಅವರ ಕೈ ನಿಧಾನ. ಆ ಕಾಲದಲ್ಲಿ ಬೇಗ ಮುಗಿಸಿದವನೇ ದೊಡ್ಡ ಸರ್ಜನ್. ಇವರು ಮಾತ್ರ ಒಂದೊಂದು ರಕ್ತನಾಳವನ್ನೂ ಹಿಡಿದು ಕಟ್ಟಿ, ಟಿಶ್ಯೂವನ್ನು ಮೆತ್ತಗೆ ಮುಟ್ಟಿ, ಸಣ್ಣ ರೇಷ್ಮೆ ದಾರದಲ್ಲಿ ಹೊಲಿಯುತ್ತಿದ್ದರು. ನಿಧಾನ ಇದ್ದದ್ದಕ್ಕೇ ಪಕ್ಕದಲ್ಲಿ ನಿಂತವರಿಗೆ ಪ್ರತಿ ಹೆಜ್ಜೆಯೂ ಕಾಣುತ್ತಿತ್ತು. ರಬ್ಬರ್ ಗ್ಲೌಸ್ ಓಟಿಗೆ (ಆಪರೇಷನ್ ಕೋಣೆಗೆ) ಬಂದದ್ದೂ ಅವರಿಂದ. ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ಓಟಿ ನರ್ಸ್‌ಗೆ ಕೈ ತೊಳೆಯುವ ಪಾದರಸದ ದ್ರಾವಣದಿಂದ ಚರ್ಮ ಕಿತ್ತುಬರುತ್ತಿತ್ತು. ಗುಡ್‌ಇಯರ್ ಕಂಪನಿಗೆ ಹೇಳಿ ತೆಳು ಗ್ಲೌಸ್ ಮಾಡಿಸಿದರು. ಮುಂದೆ 1890ರಲ್ಲಿ ಅವರಿಬ್ಬರೂ ಮದುವೆಯಾದರು.

ಇನ್ನೊಂದು ಮುಖ. ಕೊಕೇನ್ ಚುಚ್ಚಿ ನರ ಮರಗಟ್ಟಿಸುವ ಪ್ರಯೋಗವನ್ನು ತಮ್ಮ ಮೇಲೇ ಮಾಡಿಕೊಂಡು ಚಟಕ್ಕೆ ಬಿದ್ದರು. ಆಮೇಲೆ ಮಾರ್ಫಿನ್. ಅದರ ಜೊತೆಗೇ ಬದುಕಿದರು. ಅವರ ರೆಸಿಡೆಂಟ್‌ಗಳಿಗೆ ಮನೆ ಅಂದರೆ ಆಸ್ಪತ್ರೆಯೇ. ಎಷ್ಟು ವರ್ಷ ಇರಬೇಕು ಅಂತ ಅವರಿಗೇ ಗೊತ್ತಿರುತ್ತಿರಲಿಲ್ಲ, ಕೊನೆಗೆ ಮೇಲೇರುವವರು ಒಬ್ಬಿಬ್ಬರು, ಉಳಿದವರು ನಡುವೆಯೇ ಉದುರಿ ಹೋಗುತ್ತಿದ್ದರು. 33 ವರ್ಷದಲ್ಲಿ ಚೀಫ್ ರೆಸಿಡೆಂಟ್ ಆಗಿ ಹೊರಬಂದವರು 17 ಮಂದಿ. ಆದರೆ ಅವರೇ ಅಮೆರಿಕದ ತುಂಬ ಹೊಸ ವಿಭಾಗಗಳನ್ನು ಕಟ್ಟಿದರು. ನ್ಯೂರೋಸರ್ಜರಿಯ ಹಾರ್ವೆ ಕುಶಿಂಗ್, ವಾಲ್ಟರ್ ಡ್ಯಾಂಡಿ ಇಬ್ಬರೂ ಅಲ್ಲಿ ಪಳಗಿದವರು. 1922ರಲ್ಲಿ ಪಿತ್ತನಾಳದ ಕಲ್ಲಿಗೆ ಹಾಲ್‌ಸ್ಟೆಡ್‌ಗೇ ಆಪರೇಷನ್ ಮಾಡಬೇಕಾಗಿ ಬಂತು. ಮಾಡಿದ್ದು ಅವರ ಹಳೇ ರೆಸಿಡೆಂಟ್‌ಗಳೇ. ಅದಾದ ಮೇಲೆ ಅವರು ಉಳಿಯಲಿಲ್ಲ.

ಈಗ ನಿಮ್ಮ ಪ್ರಶ್ನೆ. ಕಲಿಸಿದ್ದರಿಂದ ಹಾಲ್‌ಸ್ಟೆಡ್ ಕೈ ಕೆಟ್ಟಿತಾ? ಇಲ್ಲ. ಕಲಿಸಬೇಕು ಅಂದರೆ ಪ್ರತಿ ಹೆಜ್ಜೆಗೂ ಕಾರಣ ಹೇಳಬೇಕು. ಕಾರಣ ಹುಡುಕುತ್ತಾ ಹೋದ ಹಾಗೆ ಕೈಯೂ ಚುರುಕಾಗುತ್ತದೆ. ನನ್ನ ಅನುಭವವೂ ಇದೇ.

ನರ್ಸಿಂಗ್ ಹೋಮ್ ಸರ್ಜನ್

ಮೇಷ್ಟ್ರೇ, ಕಥೆ ಚೆನ್ನಾಗಿದೆ. ಆದರೆ ಈ ಹುಡುಗನಿಗೆ ಇವತ್ತಿನ ಮಾತು ಹೇಳೋಣ.

ನಾನು ಕಾಲೇಜು ಬಿಟ್ಟು ಬಂದವನು. ಬಿಟ್ಟಿದ್ದು ದುಡ್ಡಿಗೆ ಮಾತ್ರ ಅಲ್ಲ. ಬೆಳಗ್ಗೆ ಹಾಜರಾತಿ ಮಷೀನ್ ಮುಂದೆ ನಿಲ್ಲಬೇಕು. ಒಪಿಡಿಯಲ್ಲಿ ಕಾಲಿಡಲು ಜಾಗ ಇಲ್ಲ. ಓಟಿಗೆ ಹೋದರೆ ಅನಸ್ತೇಶಿಯಾದವರು ಮಧ್ಯಾಹ್ನಕ್ಕೆ ಲಿಸ್ಟ್ ಮುಗಿಸಿ ಅನ್ನುತ್ತಾರೆ. ಅಷ್ಟರಲ್ಲಿ ಪಿಜಿಗೆ ಹರ್ನಿಯಾ ಕೊಟ್ಟರೆ ಒಂದೇ ಕೇಸ್‌ಗೆ ಸಮಯ ಹೋಯಿತು, ಉಳಿದ ರೋಗಿಗಳು ಹಸಿದುಕೊಂಡು ನಾಳೆಗೆ. ಹಾಗಾಗಿ ನಾನೇ ಮಾಡಿ ಮುಗಿಸುತ್ತಿದ್ದೆ. ಬಡ್ತಿಗೆ ಪೇಪರ್ ಬೇಕು, ಮೆಡಿಕಲ್ ಎಜುಕೇಶನ್ ಬೇಸಿಕ್ ಕೋರ್ಸ್ ಬೇಕು. ಒಬ್ಬ ಪಿಜಿಗೆ ಕೈ ಹಿಡಿದು ಹರ್ನಿಯಾ ಕಲಿಸಿದ್ದಕ್ಕೆ ಯಾವ ಫಾರಂನಲ್ಲೂ ಜಾಗ ಇಲ್ಲ. ಸರ್ಜರಿ ಮೇಷ್ಟ್ರು ಮಾಡಬೇಕಾದ ಮುಖ್ಯ ಕೆಲಸ ಅದೇ ಅಲ್ವಾ?

ಇನ್ನೊಂದು ವಿಷಯ. ಕಲಿಸಲು ಮೆಡಿಕಲ್ ಕಾಲೇಜೇ ಬೇಕೆಂದಿಲ್ಲ. ಡಿಎನ್‌ಬಿ ಇದೆ, ಅಂದರೆ ಆಸ್ಪತ್ರೆಗಳಲ್ಲೇ ಇದ್ದು ಮಾಡುವ ಪಿಜಿ ಓದು. ಖಾಸಗಿ ಆಸ್ಪತ್ರೆಗಳಲ್ಲೂ ಜಿಲ್ಲಾ ಆಸ್ಪತ್ರೆಗಳಲ್ಲೂ ಪಿಜಿಗಳು ಕಲಿಯುತ್ತಿದ್ದಾರೆ. ಕರೆದ ಆಸ್ಪತ್ರೆಗೆ ಡಿಎನ್‌ಬಿ ಮಾನ್ಯತೆ ಇದೆಯಾ ಕೇಳಿ. ಇದ್ದರೆ ಎರಡೂ ಸಿಗುತ್ತದೆ. ಇಲ್ಲದಿದ್ದರೆ ಅಲ್ಲಿ ನಿಮ್ಮ ಪಕ್ಕ ನಿಲ್ಲಲು ಕಲಿಯುವವರೇ ಇರುವುದಿಲ್ಲ. ಅದು ಎಷ್ಟು ಖಾಲಿ ಅನ್ನಿಸುತ್ತದೆ ಅನ್ನುವುದು ಬಿಟ್ಟು ಬಂದ ಮೇಲೆ ಗೊತ್ತಾಗುತ್ತದೆ.

ಪಿಜಿ ಸೆಕೆಂಡ್ ಇಯರ್

ನಮ್ಮ ಕಡೆಯದೂ ಕೇಳಿ. ಎಂಎಸ್ ಮೂರು ವರ್ಷ. ಅದರಲ್ಲಿ ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿ, ಅಂದರೆ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ. ಥೀಸಿಸ್ ಬೇರೆ. ಉಳಿದ ಸಮಯದಲ್ಲಿ ಅರ್ಧ ರಕ್ತದ ರಿಪೋರ್ಟ್ ತರುವುದು, ಸ್ಕ್ಯಾನ್‌ಗೆ ಡೇಟ್ ಕೇಳುವುದು, ಕೇಸ್ ಶೀಟ್ ಬರೆಯುವುದು. ಓಟಿಯಲ್ಲಿ ಕೊಯ್ದ ಜಾಗ ಅಗಲಿಸುವ ರಿಟ್ರಾಕ್ಟರ್ ಹಿಡಿದು ನಿಂತಿದ್ದೇ ಜಾಸ್ತಿ.

ಎರಡು ಥರದ ಸರ್‌ಗಳಿದ್ದಾರೆ. ಒಬ್ಬರು ಏನೂ ಕೊಡುವುದಿಲ್ಲ. ಅವರ ಕೈ ಅದ್ಭುತ, ನಿಂತು ನೋಡುತ್ತಲೇ ಇರಬೇಕು ಅನ್ನಿಸುತ್ತದೆ. ಆದರೆ ನೋಡಿದ್ದಷ್ಟೇ ಬಂತು. ಇನ್ನೊಬ್ಬರು ರಾತ್ರಿ ಅಪೆಂಡಿಕ್ಸ್ ಬಂದರೆ "ನೀವೇ ಮಾಡ್ಕೊಳ್ಳಿ, ಏನಾದರೂ ಇದ್ದರೆ ಫೋನ್ ಮಾಡಿ" ಅಂತ ಮನೆಯಲ್ಲೇ ಇರುತ್ತಾರೆ. ಇವರು ಒಳ್ಳೆಯವರು, ಕೇಸ್ ಕೊಡುತ್ತಾರೆ ಅಂತ ನಾವೆಲ್ಲ ಮೊದಮೊದಲು ಖುಷಿಪಟ್ಟೆವು. ಈಗ ಹಾಗನ್ನಿಸುವುದಿಲ್ಲ. ರಾತ್ರಿ ಎರಡು ಗಂಟೆಗೆ ಹೊಟ್ಟೆ ತೆರೆದು ಅಪೆಂಡಿಕ್ಸ್ ಸಿಗದೇ ಇದ್ದಾಗ ಎದುರಿಗೆ ಇರುವುದು ನಮ್ಮ ಜೂನಿಯರ್ ಮಾತ್ರ.

ಪಕ್ಕದಲ್ಲಿ ನಿಂತು, ನಮ್ಮ ಕೈಯಲ್ಲಿ ಮಾಡಿಸುವ ಮೂರನೇ ಥರದವರು ಬೇಕು. ಅಂಥವರು ಇದ್ದಾರೆ, ಕಡಿಮೆ. ಬಯಲುಸೀಮೆ ಸರ್, ನೀವು ಅಂಥವರಾಗುವುದಾದರೆ ದಯವಿಟ್ಟು ಇರಿ.

ಓಟಿ ಸಿಸ್ಟರ್

ನಾನು ಡಾಕ್ಟರ್ ಅಲ್ಲ. ಆದರೆ ಸರ್ಜನ್‌ಗಳು ಬೆಳೆಯುವುದನ್ನು ನಮ್ಮಷ್ಟು ಹತ್ತಿರದಿಂದ ನೋಡಿದವರು ಯಾರೂ ಇಲ್ಲ. ಟ್ರಾಲಿ ಪಕ್ಕ ನಿಂತು ಇನ್ಸ್‌ಟ್ರುಮೆಂಟ್ ಕೊಡುವಾಗ ಎಲ್ಲವೂ ಕಾಣುತ್ತದೆ.

ಕಲಿಸುವ ಸರ್ಜನ್ ಯಾರು ಅಂತ ಸ್ಕ್ರಬ್ ಆಗಿ (ಕೈ ತೊಳೆದು, ಗೌನ್, ಗ್ಲೌಸ್ ಹಾಕಿ) ಟೇಬಲ್ ಹತ್ತಿರ ಬಂದಾಗಲೇ ಗೊತ್ತಾಗುತ್ತದೆ. ಅವರು ತಾವಾಗಿ ಅಸಿಸ್ಟೆಂಟ್ ಕಡೆ ಹೋಗಿ ನಿಲ್ಲುತ್ತಾರೆ. ಪಿಜಿಯನ್ನು ಸರ್ಜನ್ ಜಾಗದಲ್ಲಿ ನಿಲ್ಲಿಸುತ್ತಾರೆ. ಮೊದಲೇ ನನಗೆ ಹೇಳಿರುತ್ತಾರೆ: "ಸಿಸ್ಟರ್, ಇವತ್ತು ಇವರು ಮಾಡುತ್ತಾರೆ, ಸ್ವಲ್ಪ ಸಮಯ ಆಗುತ್ತದೆ." ಅನಸ್ತೇಶಿಯಾ ಡಾಕ್ಟರ್‌ಗೂ ಹೇಳಿರುತ್ತಾರೆ. ಆ ಒಂದು ಮಾತಿನಿಂದ ಯಾರಿಗೂ ಸಿಟ್ಟು ಬರುವುದಿಲ್ಲ. ಹೇಳದೇ ಇದ್ದಾಗಲೇ ಗಡಿಯಾರ ನೋಡುವುದು, ಗೊಣಗುವುದು ಶುರುವಾಗುತ್ತದೆ.

ಒಳ್ಳೆ ಮೇಷ್ಟ್ರ ಕೈ ಸುಮ್ನೆ ಇರುವುದಿಲ್ಲ. ಅಸಿಸ್ಟ್ ಮಾಡುವ ಕೈಯಿಂದಲೇ ಸರಿಯಾದ ಜಾಗ ಎಳೆದು ತೋರಿಸುತ್ತಾರೆ. ಆಗ ಪಿಜಿಗೆ ಬೇರೆ ಕಡೆ ಕೊಯ್ಯಲು ಆಗುವುದೇ ಇಲ್ಲ. ಪಿಜಿಗೆ ತಾನೇ ಮಾಡಿದೆ ಅನ್ನಿಸುತ್ತದೆ, ರೋಗಿಗೂ ತೊಂದರೆ ಇಲ್ಲ. ಮತ್ತೆ, ಟೇಬಲ್ ಮೇಲೆ ಬೈಯುವವರ ಹತ್ತಿರ ಹುಡುಗರ ಕೈ ನಡುಗುತ್ತದೆ. ನಡುಗುವ ಕೈಯಲ್ಲಿ ಯಾರೂ ಏನೂ ಕಲಿಯಲಿಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಅನಾಟಮಿ ಟೀಚರ್

ನಮ್ಮ ಕಾಲೇಜಿನ ಮೆಡಿಕಲ್ ಎಜುಕೇಶನ್ ಯೂನಿಟ್‌ನಲ್ಲಿ ಕೆಲಸ ಮಾಡುತ್ತೇನೆ. ಕಲಿಸುವ ವಿಧಾನ ಅನ್ನುವುದು ಸರ್ಜನ್‌ಗಳಿಗೆ ಹೊರಗಿನವರು ಹೇರಿದ್ದು ಅನ್ನುವ ಭಾವನೆ ಇದೆ. ಹಾಗಲ್ಲ. ಅದರಲ್ಲಿ ಎಷ್ಟೋ ಭಾಗ ಸರ್ಜನ್‌ಗಳೇ ಕಟ್ಟಿದ್ದು.

ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಇದಕ್ಕೇ ಒಂದು ಅಧ್ಯಾಯ ಇದೆ. ಶಾಸ್ತ್ರ ಎಲ್ಲ ಓದಿದ ಶಿಷ್ಯನಿಗೂ ಕೈಕೆಲಸ ಮಾಡಿಸಬೇಕು, ಅಭ್ಯಾಸ ಇಲ್ಲದವನು ಚಿಕಿತ್ಸೆಗೆ ಯೋಗ್ಯನಲ್ಲ ಅನ್ನುತ್ತದೆ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಯಂಥ ಕಾಯಿಗಳ ಮೇಲೆ ಕಲಿಯಬೇಕು. ಒಳಗೆ ಸಿಕ್ಕಿಕೊಂಡದ್ದನ್ನು ಹೊರತೆಗೆಯುವುದನ್ನು ಹಲಸು, ಬಿಲ್ವದ ತಿರುಳಿನಿಂದ ಬೀಜ ತೆಗೆದು ಕಲಿಯಬೇಕು. ರಕ್ತನಾಳ ಚುಚ್ಚುವುದಕ್ಕೆ ಸತ್ತ ಪ್ರಾಣಿಯ ನಾಳ ಅಥವಾ ತಾವರೆ ದಂಟು. ಹೊಲಿಗೆಗೆ ದಪ್ಪ ಬಟ್ಟೆ, ಮೆತ್ತನೆ ಚರ್ಮ. ಬ್ಯಾಂಡೇಜ್ ಕಟ್ಟುವುದಕ್ಕೆ ಮನುಷ್ಯನ ಆಕಾರದ ಗೊಂಬೆ. ಇವತ್ತಿನ ಸ್ಕಿಲ್ ಲ್ಯಾಬ್‌ನಲ್ಲಿ ಇರುವುದು ಬೇರೇನು?

ಈಚೆಗೆ ಬನ್ನಿ. ರಾಡ್ನಿ ಪೇಟನ್ ಅನ್ನುವವರು ಉತ್ತರ ಐರ್ಲೆಂಡಿನ ಸರ್ಜನ್. ಕೈಕೆಲಸ ಕಲಿಸಲು ನಾಲ್ಕು ಹೆಜ್ಜೆ ಹೇಳಿದರು. ಮೊದಲು ಮಾತಿಲ್ಲದೆ, ಮಾಮೂಲಿ ವೇಗದಲ್ಲಿ ಮಾಡಿ ತೋರಿಸುವುದು. ಆಮೇಲೆ ಒಂದೊಂದೇ ಹೆಜ್ಜೆ ಬಿಡಿಸಿ ಹೇಳುತ್ತಾ ಮಾಡುವುದು. ಮೂರನೆಯದರಲ್ಲಿ ಕಲಿಯುವವನು ಹೇಳುತ್ತಾನೆ, ಮೇಷ್ಟ್ರು ಮಾಡುತ್ತಾರೆ. ಕೊನೆಗೆ ಕಲಿಯುವವನೇ ಹೇಳುತ್ತಾ ಮಾಡುತ್ತಾನೆ. ನಮ್ಮಲ್ಲಿ ಎಲ್ಲರೂ ಮೂರನೆಯದನ್ನು ಹಾರಿಸಿಬಿಡುತ್ತಾರೆ. ಅದೇ ಮುಖ್ಯ. ಮುಂದಿನ ಹೆಜ್ಜೆ ಬಾಯಲ್ಲಿ ಹೇಳಲು ಬಾರದವನ ಕೈಗೆ ಚಾಕು ಕೊಡುವ ಹಾಗಿಲ್ಲ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಮತ್ತೆ ಜೇಮ್ಸ್ ಸ್ಟೈನರ್. ಅಮೆರಿಕದ ಮೂಳೆ ಸರ್ಜನ್. 1976ರ ಫೆಬ್ರವರಿಯಲ್ಲಿ ಅವರೇ ಓಡಿಸುತ್ತಿದ್ದ ಸಣ್ಣ ವಿಮಾನ ನೆಬ್ರಾಸ್ಕಾದ ಹೊಲದಲ್ಲಿ ಬಿತ್ತು. ಹೆಂಡತಿ ತೀರಿಕೊಂಡರು, ಮಕ್ಕಳಿಗೆ ತೀವ್ರ ಪೆಟ್ಟು. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಸಿಕ್ಕ ಚಿಕಿತ್ಸೆ ನೋಡಿ ಅವರು ದಂಗಾದರು. ತಪ್ಪು ಆ ಡಾಕ್ಟರ್‌ಗಳದ್ದಲ್ಲ, ಅವರಿಗೆ ಯಾರೂ ಕಲಿಸಿಲ್ಲ ಅನ್ನುವುದು ಅವರಿಗೆ ಅರ್ಥವಾಯಿತು. ಜೊತೆಯವರನ್ನು ಸೇರಿಸಿ ಒಂದು ಕೋರ್ಸ್ ಕಟ್ಟಿದರು. 1978ರಲ್ಲಿ ಶುರುವಾಯಿತು. 1980ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಅದನ್ನು ತನ್ನದಾಗಿಸಿಕೊಂಡಿತು. ಅದೇ ಎಟಿಎಲ್‌ಎಸ್, ತೀವ್ರ ಪೆಟ್ಟು ಬಿದ್ದವರನ್ನು ನೋಡಿಕೊಳ್ಳುವುದನ್ನು ಕಲಿಸುವ ಕೋರ್ಸ್. ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತ ಅಂತ ಕ್ಯಾಶುವಾಲ್ಟಿಯಲ್ಲಿ ನಮ್ಮ ಇಂಟರ್ನ್‌ಗಳು ಹೇಳುವ ಕ್ರಮ ಲೋಕಕ್ಕೆಲ್ಲ ಹರಡಿದ್ದು ಆ ಕೋರ್ಸ್‌ನಿಂದ. ಒಬ್ಬ ಸರ್ಜನ್ ತನ್ನ ಎರಡು ಕೈಯಲ್ಲಿ ಇಷ್ಟು ಜನರನ್ನು ಉಳಿಸಲು ಸಾಧ್ಯವೇ ಇರಲಿಲ್ಲ.

ರೋಗಿಯ ಮಗಳು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾವು ಸಾಮಾನ್ಯ ಜನ. ಅಪ್ಪನಿಗೆ ದೊಡ್ಡಾಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಆಯಿತು. ದುಡ್ಡು ಕಡಿಮೆ, ಡಾಕ್ಟರ್‌ಗಳು ಒಳ್ಳೆಯವರು. ಆದರೆ ಆಪರೇಷನ್ ಮಾಡಿದ್ದು ಯಾರು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. ಅದು ಇಂಗ್ಲಿಷಿನಲ್ಲಿತ್ತು.

ನೀವೆಲ್ಲ "ಕೇಸ್ ಕೊಡುವುದು" ಅಂತ ಬರೆಯುತ್ತಿದ್ದೀರಿ. ಆ ಕೇಸ್ ನಮ್ಮಪ್ಪ. ಡಾಕ್ಟರ್‌ಗಳು ಕಲಿಯಲೇಬೇಕು, ಒಪ್ಪುತ್ತೇನೆ. ಇಲ್ಲದಿದ್ದರೆ ನಾಳೆ ನಮ್ಮ ಮಕ್ಕಳಿಗೆ ಡಾಕ್ಟರ್ ಎಲ್ಲಿ? ಆದರೆ ಬಡವರ ಮೇಲೆ ಕಲಿತು ದುಡ್ಡಿರುವವರಿಗೆ ಮಾಡುತ್ತಾರೆ ಅಂತ ಊರಲ್ಲಿ ಮಾತಾಡುತ್ತಾರೆ. ಅದಕ್ಕೆ ನಿಮ್ಮ ಉತ್ತರ ಏನು?

ಹಳೇ ಮೇಷ್ಟ್ರು

ತಾಯಿ, ಈ ಚರ್ಚೆಯಲ್ಲಿ ಎಲ್ಲರಿಗಿಂತ ಮೊದಲು ಬರಬೇಕಾಗಿದ್ದ ಪ್ರಶ್ನೆ ನಿಮ್ಮದು.

ನಿಮಗೆ ಹೇಳಬೇಕಾಗಿತ್ತು. ಕನ್ನಡದಲ್ಲಿ, ಕೂತು ಹೇಳಬೇಕಾಗಿತ್ತು. "ಇದು ಕಲಿಸುವ ಆಸ್ಪತ್ರೆ. ಕಲಿಯುತ್ತಿರುವ ಡಾಕ್ಟರ್ ಕೈ ಹಾಕುತ್ತಾರೆ. ನಾನು ಪೂರ್ತಿ ಹೊತ್ತು ಟೇಬಲ್ ಪಕ್ಕದಲ್ಲೇ ಇರುತ್ತೇನೆ. ಹೊಣೆ ನನ್ನದು." ನಾಲ್ಕು ಮಾತು. ಹೀಗೆ ಹೇಳಿ ಕೇಳಿದಾಗ ಬೇಡ ಅಂದವರು ನನಗೆ ಸಿಕ್ಕಿದ್ದು ತೀರಾ ಕಡಿಮೆ. ಬೇಡ ಅಂದರೆ ಬೇಡ, ಅದಕ್ಕೆ ಮುಖ ಸಿಂಡರಿಸುವ ಹಾಗಿಲ್ಲ. ಊರ ಮಾತಿನಲ್ಲಿ ಸತ್ಯ ಇದೆ. ಪಿಜಿ ಹೇಳಿದ ಆ ರಾತ್ರಿ ಫೋನಿನ ಮೇಷ್ಟ್ರು ಇರುವ ತನಕ ಆ ಮಾತು ಇರುತ್ತದೆ. ಚಾಕು ಕೊಡಬಹುದು, ಹೊಣೆ ಕೊಟ್ಟು ಮನೆಗೆ ಹೋಗುವ ಹಾಗಿಲ್ಲ. ಹೊಣೆ ಕೊಟ್ಟು ಹೋಗುವುದನ್ನು ಕಲಿಸುವುದು ಅಂತ ಕರೆಯಲು ನಾನು ತಯಾರಿಲ್ಲ.

ಇನ್ನೊಂದನ್ನು ಬಯಲುಸೀಮೆಯವರಿಗೆ ಹೇಳಬೇಕು. ಮೇಷ್ಟ್ರ ತಪ್ಪು ಒಬ್ಬ ರೋಗಿಗೆ ನಿಲ್ಲುವುದಿಲ್ಲ. ಹಾಲ್‌ಸ್ಟೆಡ್ ಸ್ತನ ಕ್ಯಾನ್ಸರ್‌ಗೆ ಸ್ತನದ ಜೊತೆ ಎದೆಯ ಸ್ನಾಯು, ಕಂಕುಳ ಗ್ರಂಥಿ ಎಲ್ಲ ತೆಗೆಯುವ ದೊಡ್ಡ ಆಪರೇಷನ್ ಕಲಿಸಿದರು. ಆಗ ಬರುತ್ತಿದ್ದ ಗಡ್ಡೆಗಳೂ ದೊಡ್ಡವೇ, ಅವರ ಕಾಲಕ್ಕೆ ಅದು ಮುನ್ನಡೆಯೇ. ಆದರೆ ಶಿಷ್ಯರು, ಶಿಷ್ಯರ ಶಿಷ್ಯರು ಸುಮಾರು 80 ವರ್ಷ ಅದನ್ನೇ ಮಾಡಿದರು. 1971ರಲ್ಲಿ ಬರ್ನಾರ್ಡ್ ಫಿಶರ್ ಎಂಬ ಇನ್ನೊಬ್ಬ ಸರ್ಜನ್ ದೊಡ್ಡ ಟ್ರಯಲ್ ಶುರು ಮಾಡಿದರು. ಕಡಿಮೆ ಕೊಯ್ದರೂ ಬದುಕುಳಿಯುವುದರಲ್ಲಿ ವ್ಯತ್ಯಾಸ ಇಲ್ಲ ಅಂತ ಗೊತ್ತಾಯಿತು. 25 ವರ್ಷ ಹಿಂಬಾಲಿಸಿ ನೋಡಿದರೂ ಅದೇ. ಎಷ್ಟು ಹೆಂಗಸರು ಬೇಡದ ನೋವು ತಿಂದರು ಯೋಚಿಸಿ.

ಅದಕ್ಕೆ ಎದುರಾಗಿ ಸ್ವಿಟ್ಜರ್ಲೆಂಡಿನ ಥಿಯೋಡೋರ್ ಕೋಕರ್. 1872ರಿಂದ 1917ರವರೆಗೆ ಬರ್ನ್‌ನಲ್ಲಿ ಸರ್ಜರಿ ಪ್ರೊಫೆಸರ್. ಥೈರಾಯ್ಡ್ ಗಡ್ಡೆ ತೆಗೆಯುವುದರಲ್ಲಿ ಅವರ ಸಮ ಇರಲಿಲ್ಲ. ಹಳೇ ರೋಗಿಗಳನ್ನು ವಾಪಸ್ ಕರೆಸಿ ನೋಡಿದರು. ಗ್ರಂಥಿ ಪೂರ್ತಿ ತೆಗೆದವರು ಮಂಕಾಗಿದ್ದರು, ಊದಿಕೊಂಡಿದ್ದರು, ಮಕ್ಕಳು ಬೆಳೆದೇ ಇರಲಿಲ್ಲ. 1883ರಲ್ಲಿ ಅದನ್ನು ಎಲ್ಲರ ಮುಂದೆ ಇಟ್ಟರು. ಮಾಮೂಲಿ ಗಾಯಿಟರ್‌ಗೆ (ಥೈರಾಯ್ಡ್ ಊತಕ್ಕೆ) ಪೂರ್ತಿ ತೆಗೆಯುವುದನ್ನು ನಿಲ್ಲಿಸಿದರು. 1909ರಲ್ಲಿ ಅವರಿಗೆ ನೊಬೆಲ್ ಬಂತು. ಕೈ ಚುರುಕು ಇದ್ದ ಸರ್ಜನ್‌ಗಳು ಬಹಳ ಜನ. ರೋಗಿಯನ್ನು ವಾಪಸ್ ಕರೆಸಿ, ಕಂಡದ್ದನ್ನು ಶಿಷ್ಯರ ಮುಂದೆ ಹೇಳಿದವರು ಕಡಿಮೆ. ನೀವು ಕಾಲೇಜಿನಲ್ಲೇ ಇರಿ, ಹೊರಗೇ ಇರಿ, ಇದನ್ನು ಬಿಡಬೇಡಿ.

ಯಾರ್ಕ್‌ಶೈರ್ ಕನ್ನಡಿಗ

ನಾನು ಇಂಗ್ಲೆಂಡಿನಲ್ಲಿ ಕನ್ಸಲ್ಟೆಂಟ್ ಸರ್ಜನ್. ಎಂಬಿಬಿಎಸ್ ಕರ್ನಾಟಕದಲ್ಲೇ ಓದಿದ್ದು. ಇಲ್ಲಿಯ ಒಂದು ವ್ಯವಸ್ಥೆ ಹೇಳುತ್ತೇನೆ, ನಿಮಗೆ ಕೆಲಸಕ್ಕೆ ಬರಬಹುದು.

ಇಲ್ಲಿ 2003ರ ಕಾಂಟ್ರಾಕ್ಟ್ ಪ್ರಕಾರ ಕನ್ಸಲ್ಟೆಂಟ್‌ನ ವಾರವನ್ನು ನಾಲ್ಕು ಗಂಟೆಯ 10 ಭಾಗ ಮಾಡುತ್ತಾರೆ. ಸಾಮಾನ್ಯವಾಗಿ ಏಳೂವರೆ ಭಾಗ ರೋಗಿಗಳಿಗೆ, ಎರಡೂವರೆ ಭಾಗ ಕಲಿಸುವುದು, ಆಡಿಟ್ (ತಮ್ಮ ಚಿಕಿತ್ಸೆ ಹೇಗಿತ್ತು ಅಂತ ಪರಿಶೀಲಿಸುವುದು), ತಾನು ಕಲಿಯುವುದು ಇಂಥ ಕೆಲಸಗಳಿಗೆ. ಕಾಗದದ ಮೇಲೆ ಬರೆದು ಸಹಿ ಹಾಕಿದ್ದು. ಎಲ್ಲ ಸ್ವರ್ಗ ಅಂತ ತಿಳಿಯಬೇಡಿ. ಎಷ್ಟೋ ಕಡೆ ಆ ಎರಡೂವರೆಯನ್ನು ಕೊರೆಯುತ್ತಿದ್ದಾರೆ, ವೇಟಿಂಗ್ ಲಿಸ್ಟ್ ಒತ್ತಡಕ್ಕೆ ಟ್ರೈನಿಗಳ ಓಟಿ ಸಮಯವೂ ಹೋಗುತ್ತಿದೆ. ಆದರೂ ಕಲಿಸುವುದಕ್ಕೆ ಗಂಟೆ ಬರೆದಿಟ್ಟಿದ್ದಾರೆ ಅನ್ನುವುದೇ ದೊಡ್ಡದು. ಬರೆದಿದ್ದರೆ ಜಗಳ ಆಡಬಹುದು.

ಎರಡನೆಯದು, ಟ್ರೈನಿಯ ಸೂಪರ್‌ವೈಸರ್ ಆಗಲು ಡಾಕ್ಟರ್‌ಗಳನ್ನು ನೋಂದಾಯಿಸುವ ಜನರಲ್ ಮೆಡಿಕಲ್ ಕೌನ್ಸಿಲ್ ಗುರುತಿಸಿರಬೇಕು. ಸರ್ಜನ್ ಆದ ಮಾತ್ರಕ್ಕೆ ಕಲಿಸುವ ಹಕ್ಕು ಬರುವುದಿಲ್ಲ. ಪ್ರತಿ ಆಪರೇಷನ್‌ಗೂ ಟ್ರೈನಿ ಏನು ಮಾಡಿದ ಅಂತ ಎಲೆಕ್ಟ್ರಾನಿಕ್ ಲಾಗ್ ಬುಕ್‌ನಲ್ಲಿ ಬರೆಯುತ್ತಾನೆ: ಅಸಿಸ್ಟ್ ಮಾಡಿದನಾ, ಟ್ರೈನರ್ ಸ್ಕ್ರಬ್ ಆಗಿರುವಾಗ ಮಾಡಿದನಾ, ಟ್ರೈನರ್ ಸ್ಕ್ರಬ್ ಆಗದೆ ಓಟಿಯಲ್ಲಿ ಇದ್ದಾಗ ಮಾಡಿದನಾ, ತಾನೇ ಮಾಡಿದನಾ. ಈ ನಾಲ್ಕನ್ನು ಬೇರೆ ಬೇರೆ ಬರೆಯುವುದೇ ಒಂದು ಪಾಠ. ನಮ್ಮ ಕಡೆ ಲಾಗ್ ಬುಕ್‌ನಲ್ಲಿ "ಮಾಡಿದೆ", "ನೋಡಿದೆ" ಅಷ್ಟೇ ಇದ್ದದ್ದು ನೆನಪು.

ಕರಾವಳಿ ಇಂಟರ್ನ್

ಎಲ್ಲರೂ ಹೊರದೇಶದ ಹೆಸರೇ ಹೇಳುತ್ತಿದ್ದೀರಿ. ನಮ್ಮೂರಿನ ಹೆಸರನ್ನೂ ಹೇಳಿ!

ದೇಶದ ಯಾವ ಮೆಡಿಕಲ್ ಕಾಲೇಜಿಗೆ ಹೋದರೂ ಸರ್ಜರಿ ಪರೀಕ್ಷೆಗೆ ಹುಡುಗರ ಕೈಯಲ್ಲಿ ಇರುವುದು ಎಸ್‌ಆರ್‌ಬಿ ಅನ್ನುವ ಪಠ್ಯಪುಸ್ತಕ. ಅದನ್ನು ಬರೆದವರು ಮಂಗಳೂರಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಸರ್ಜರಿ ಪ್ರೊಫೆಸರ್ ಶ್ರೀರಾಮ ಭಟ್. ಇನ್ನೊಂದು ಹೆಸರಾದ ಸರ್ಜರಿ ಪುಸ್ತಕ ಮಣಿಪಾಲದ ರಾಜಗೋಪಾಲ ಶೆಣೈ ಅವರದ್ದು. ಇಬ್ಬರೂ ವಾರ್ಡಿನಲ್ಲಿ, ಓಟಿಯಲ್ಲಿ ಇದ್ದುಕೊಂಡೇ ಬರೆದವರು. ಒಂದೇ ಕರಾವಳಿಯಿಂದ ದೇಶಕ್ಕೆಲ್ಲ ಎರಡು ಪಠ್ಯ. ಇದಕ್ಕೆ ನನಗೆ ತುಂಬ ಹೆಮ್ಮೆ.

ಬೈಲಿ ಮತ್ತು ಲವ್ ಇಂಗ್ಲೆಂಡಿನಲ್ಲಿ 1932ರಲ್ಲಿ ಮೊದಲು ಬಂದ ಪುಸ್ತಕ. ಈಗಲೂ ಸರ್ಜರಿಯ ದೊಡ್ಡ ಗ್ರಂಥ, ಎಲ್ಲರೂ ಓದಲೇಬೇಕು. ಆದರೆ ಟೈಫಾಯ್ಡ್‌ನಿಂದ ತೂತಾದ ಕರುಳು, ಹೊಟ್ಟೆಯ ಟಿಬಿ, ಲಿವರ್‌ನ ಅಮೀಬಾ ಕೀವು, ಆನೆಕಾಲು ನಮ್ಮ ವಾರ್ಡಿನ ಹಾಸಿಗೆಗಳಲ್ಲಿ ಇವೆ. ಅವುಗಳನ್ನು ದಿನಾ ನೋಡುವವರು ಬರೆದಾಗ ಪುಟದಲ್ಲಿರುವುದು ವಾರ್ಡಿನಲ್ಲೂ ಸಿಗುತ್ತದೆ. ರೋಗಿ ನೋಡುವುದನ್ನು ಬಿಟ್ಟು ಬರೀ ಪಾಠ ಮಾಡುವವರಿಗೆ ಇಂಥ ಪುಸ್ತಕ ಬರೆಯಲು ಬರುವುದಿಲ್ಲ. ಬರೀ ಆಪರೇಷನ್ ಮಾಡುವವರಿಗೆ ಬರೆಯಲು ಪುರುಸೊತ್ತೇ ಇರುವುದಿಲ್ಲ.

ವೆಲ್ಲೂರು ಬ್ಯಾಚ್

ಹಾಗಾದರೆ ನಮ್ಮ ಕಡೆಯದೂ ಒಂದು. ಪಾಲ್ ಬ್ರಾಂಡ್ ಹುಟ್ಟಿದ್ದು ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ, 1914ರಲ್ಲಿ. ತಂದೆ ತಾಯಿ ಮಿಷನರಿಗಳು. ಲಂಡನ್ನಿನಲ್ಲಿ ಸರ್ಜರಿ ಕಲಿತು 1946ರಲ್ಲಿ ವೆಲ್ಲೂರಿನ ಸಿಎಂಸಿ ಮೆಡಿಕಲ್ ಕಾಲೇಜಿಗೆ ಪಾಠ ಮಾಡಲು ಬಂದರು. ಆಗ ಕುಷ್ಠರೋಗಿಗಳ ಬೆರಳು ರೋಗದಿಂದಲೇ ಕೊಳೆತು ಬೀಳುತ್ತದೆ ಅಂತ ನಂಬಿದ್ದರು. ಹಾಗಲ್ಲ, ಸ್ಪರ್ಶ ಇಲ್ಲದ್ದರಿಂದ ಪೆಟ್ಟಾದದ್ದು, ಸುಟ್ಟದ್ದು ಗೊತ್ತಾಗದೆ ಬೆರಳು ಹಾಳಾಗುತ್ತದೆ ಅಂತ ಬ್ರಾಂಡ್ ತೋರಿಸಿಕೊಟ್ಟರು. ಮಡಚಿಹೋದ ಬೆರಳುಗಳಿಗೆ ಬೇರೆ ಸ್ನಾಯುವಿನ ಟೆಂಡನ್ ಜೋಡಿಸಿ ಮತ್ತೆ ಕೆಲಸ ಮಾಡುವ ಹಾಗೆ ಮಾಡಿದರು. ಆ ಕೈಗೆ ಕೆಲಸ ಕಲಿಸುವ ತನಕ ಆಪರೇಷನ್ ಮುಗಿಯಲಿಲ್ಲ ಅನ್ನುವುದು ಅವರ ರೀತಿ.

ಅವರ ಕಲಿಸುವ ಗುಣ ತಿಳಿಯಬೇಕಾದರೆ ಮೇರಿ ವರ್ಗೀಸ್ ಅವರನ್ನು ನೋಡಬೇಕು. ವೆಲ್ಲೂರಿನ ಎಳೆಯ ಡಾಕ್ಟರ್. 1954ರಲ್ಲಿ ರಸ್ತೆ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಇನ್ನು ಡಾಕ್ಟರ್ ಕೆಲಸ ಮುಗಿಯಿತು ಅಂದುಕೊಂಡಿದ್ದರು. ಕುಷ್ಠರೋಗಿಗಳ ಕೈ ಆಪರೇಷನ್ ಅನ್ನು ಕೂತೇ ಮಾಡಬಹುದು ಅಂತ ಬ್ರಾಂಡ್ ಅವರನ್ನು ಆ ಕಡೆ ತಿರುಗಿಸಿದರು. ಗಾಲಿಕುರ್ಚಿಯಲ್ಲಿ ಕೂತು ಅವರು ಆಪರೇಷನ್ ಮಾಡಿದರು. ಆಮೇಲೆ ನ್ಯೂಯಾರ್ಕಿನಲ್ಲಿ ಪುನಶ್ಚೇತನ ಚಿಕಿತ್ಸೆ ಕಲಿತು ಬಂದು, ವೆಲ್ಲೂರಿನಲ್ಲಿ ಅದಕ್ಕೇ ಒಂದು ವಿಭಾಗ ಕಟ್ಟಿದರು. ಬೆನ್ನುಹುರಿ ಪೆಟ್ಟಾದ ಎಷ್ಟು ಜನರಿಗೆ ಅದು ಬದುಕು ಕೊಟ್ಟಿದೆ! 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬ್ರಾಂಡ್ ಮಾಡಿದ ಎಲ್ಲ ಆಪರೇಷನ್‌ಗಳಿಗಿಂತ ಇದು ದೊಡ್ಡದು ಅನ್ನುತ್ತೇನೆ ನಾನು.

ಪಿಜಿ ಸೆಕೆಂಡ್ ಇಯರ್

ಹಳೇ ಮೇಷ್ಟ್ರಿಗೆ ಒಂದು ಪ್ರಶ್ನೆ. ನಮ್ಮ ಕೈಗೆ ಕೊಟ್ಟ ಕೇಸನ್ನು ಯಾವಾಗ ವಾಪಸ್ ತೆಗೆದುಕೊಳ್ಳುತ್ತೀರಿ? ನಮಗೆ ಅದೇ ದೊಡ್ಡ ಗೊಂದಲ. ಎಷ್ಟೋ ಸಲ ಕಾರಣ ಹೇಳದೆ "ಸರಿ, ಈ ಕಡೆ ಬನ್ನಿ" ಅಂದುಬಿಡುತ್ತಾರೆ. ಏನು ತಪ್ಪಾಯಿತು ಅಂತ ವಾರಗಟ್ಟಲೆ ತಲೆಯಲ್ಲಿ ಕೊರೆಯುತ್ತದೆ.

ಹಳೇ ಮೇಷ್ಟ್ರು

ಕೇಸ್ ಶುರುವಾಗುವ ಮುಂಚೆಯೇ ಹೇಳಿಬಿಡುತ್ತಿದ್ದೆ. ಎದುರಿಗೆ ಇರುವುದು ಏನು ಅಂತ ನೀನು ಹೆಸರಿಟ್ಟು ಹೇಳಲಾರದಿದ್ದರೆ ನಾನು ತೆಗೆದುಕೊಳ್ಳುತ್ತೇನೆ. ರಕ್ತ ಬಂದು ಮೂಲ ಕಾಣದಿದ್ದರೆ ತೆಗೆದುಕೊಳ್ಳುತ್ತೇನೆ. ಅದೇ ಕೆಲಸ ಮತ್ತೆ ಮತ್ತೆ ಮಾಡುತ್ತಾ ಮುಂದೆ ಹೋಗದಿದ್ದರೆ ತೆಗೆದುಕೊಳ್ಳುತ್ತೇನೆ. ಅನಸ್ತೇಶಿಯಾದವರು ಸಾಕು ಅಂದರೆ ಆ ಕ್ಷಣವೇ. ಇದರಲ್ಲಿ ಯಾವುದೂ ಶಿಕ್ಷೆ ಅಲ್ಲ.

ಲ್ಯಾಪ್‌ನಲ್ಲಿ ಪಿತ್ತಕೋಶ ತೆಗೆಯುವಾಗಂತೂ ಗೆರೆ ಸ್ಪಷ್ಟ ಇದೆ. 1995ರಲ್ಲಿ ಸ್ಟ್ರಾಸ್‌ಬರ್ಗ್ ಮತ್ತು ಜೊತೆಯವರು ಕ್ರಿಟಿಕಲ್ ವ್ಯೂ ಅಂತ ಹೆಸರಿಟ್ಟರು. ಪಿತ್ತಕೋಶದ ಬುಡದಲ್ಲಿರುವ ಕ್ಯಾಲೊ ತ್ರಿಕೋನದ ಕೊಬ್ಬು, ನಾರೆಲ್ಲ ಬಿಡಿಸಿರಬೇಕು. ಪಿತ್ತಕೋಶದ ಕೆಳಭಾಗ ಲಿವರ್‌ನಿಂದ ಬಿಟ್ಟಿರಬೇಕು. ಪಿತ್ತಕೋಶಕ್ಕೆ ಹೋಗುವ ನಾಳಗಳು ಎರಡೇ, ಎರಡು ಮಾತ್ರ ಅಂತ ಕಾಣಬೇಕು. ಕಂಡ ಮೇಲೆ ಕ್ಲಿಪ್ ಹಾಕಿ ಕತ್ತರಿಸುವುದು. ಕಾಣುವ ತನಕ ಯಾರ ಕೈಯಲ್ಲಿ ಇದ್ದರೂ ಕ್ಲಿಪ್ ಇಲ್ಲ, ನನ್ನ ಕೈಯಲ್ಲಿ ಇದ್ದರೂ ಇಲ್ಲ. ಲ್ಯಾಪ್ ಹೊಸದಾಗಿ ಬಂದಾಗ, 1990ರ ಆಸುಪಾಸು, ಅನುಭವಿ ಸರ್ಜನ್‌ಗಳೇ ಎರಡು ದಿನದ ಕೋರ್ಸ್ ಮಾಡಿ ಬಂದು ಶುರು ಮಾಡಿದರು. ಪಿತ್ತನಾಳದ ಪೆಟ್ಟು ಹೆಚ್ಚಿದ್ದು ಆಗಲೇ. ಹೊಸದನ್ನು ಕಲಿಯುವಾಗ ಹಿರಿಯರಿಗೂ ಪಕ್ಕದಲ್ಲಿ ಒಬ್ಬರು ಬೇಕಿತ್ತು.

ಕೇಸ್ ವಾಪಸ್ ತೆಗೆದುಕೊಂಡ ದಿನ ಬಟ್ಟೆ ಬದಲಿಸುವ ಮುಂಚೆ ಪಿಜಿ ಜೊತೆ ಐದು ನಿಮಿಷ ಕೂರಬೇಕು. ಅಷ್ಟನ್ನೂ ಮಾಡದ ಮೇಷ್ಟ್ರನ್ನು ನೀವೇ ಹೋಗಿ ಕೇಳಿ. ಕೇಳುವುದು ತಪ್ಪಲ್ಲ.

ಬಯಲುಸೀಮೆ ಸರ್ಜನ್

ಎಲ್ಲವನ್ನೂ ಓದಿದೆ. ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ಜೊತೆ ಮಾತಾಡಿ ಬಂದು ಬರೆಯುತ್ತಿದ್ದೇನೆ.

ಖಾಸಗಿ ಆಸ್ಪತ್ರೆಗೆ ಡಿಎನ್‌ಬಿ ಮಾನ್ಯತೆ ಇಲ್ಲ, ತೆಗೆದುಕೊಳ್ಳುವ ಯೋಚನೆಯೂ ಇಲ್ಲವಂತೆ. ಹಾಗಾಗಿ ಫುಲ್ ಟೈಮ್‌ಗೆ ಹೋಗುವುದಿಲ್ಲ ಅಂತ ತೀರ್ಮಾನ ಮಾಡಿದೆ. ಮನೆಯಲ್ಲಿ ಪೂರ್ತಿ ಒಪ್ಪಿಗೆ ಇಲ್ಲ, ಆ ಮಾತು ನಡೆಯುತ್ತಿದೆ. ಕಾಲೇಜಿನಲ್ಲಿ ಎಚ್‌ಓಡಿ ಹತ್ತಿರ ಕೇಳಿದ್ದು ಒಂದೇ. ಗುರುವಾರದ ಓಟಿ ಲಿಸ್ಟ್ ಕಲಿಸುವ ಲಿಸ್ಟ್ ಆಗಲಿ. ಕೇಸ್ ಕಡಿಮೆ ಹಾಕೋಣ, ಅನಸ್ತೇಶಿಯಾದವರಿಗೆ ಮೊದಲೇ ಹೇಳೋಣ, ಪಿಜಿ ಸರ್ಜನ್ ಜಾಗದಲ್ಲಿ, ನಾನು ಎದುರಿಗೆ. ಉಳಿದ ದಿನದ ದೊಡ್ಡ ಕೇಸ್‌ಗಳಲ್ಲಿ ನನ್ನನ್ನು ಅವರು ಪಕ್ಕ ನಿಲ್ಲಿಸಿಕೊಂಡು ಕಲಿಸಲಿ. ಕೈ ಪಳಗುವ ಹೆದರಿಕೆಗೆ ಅವರೇ ಉತ್ತರ ಕೊಟ್ಟರು: ನೀನೂ ಇನ್ನೂ ಕಲಿಯುವವನೇ, ಬಾ. ಕೆಲವು ತಿಂಗಳು ನೋಡೋಣ ಅಂತ ಒಪ್ಪಿದ್ದಾರೆ.

ರೋಗಿಯ ಮಗಳು ಬರೆದದ್ದು ಮನಸ್ಸಿಗೆ ನಾಟಿತು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಆಪರೇಷನ್ ಮಾಡುವವರ ಹೆಸರು, ಪಕ್ಕದಲ್ಲಿ ನಿಲ್ಲುವವರ ಹೆಸರು ಎರಡಕ್ಕೂ ಜಾಗ ಇಡುತ್ತೇನೆ. ಲಾಗ್ ಬುಕ್‌ಗೆ ಯಾರ್ಕ್‌ಶೈರ್‌ನವರು ಹೇಳಿದ ನಾಲ್ಕು ಕಾಲಂ ಸೇರಿಸುತ್ತೇನೆ.

ರೋಗಿಯ ಮಗಳು

ಕನ್ನಡ ಪತ್ರ ಬರೆದ ಮೇಲೆ ಇಲ್ಲಿ ಹಾಕಿ. ನಮ್ಮಂಥವರಿಗೆ ಅರ್ಥ ಆಗುತ್ತದಾ ಅಂತ ಅಪ್ಪನಿಗೆ ಓದಿ ಹೇಳಿ ನೋಡುತ್ತೇನೆ.

ಅನಾಟಮಿ ಟೀಚರ್

ಹರ್ನಿಯಾದ ಹೆಜ್ಜೆಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಚರ್ಮ, ಎಕ್ಸ್‌ಟರ್ನಲ್ ಆಬ್ಲೀಕ್ ಪದರ, ಇಲಿಯೋಇಂಗ್ವೈನಲ್ ನರ ಉಳಿಸುವುದು, ವೀರ್ಯನಾಳವಿರುವ ಕಾರ್ಡ್ ಎತ್ತುವುದು, ಹರ್ನಿಯಾ ಚೀಲ ಬಿಡಿಸುವುದು, ಮೆಶ್ (ಜಾಲರಿ) ಇಡುವುದು, ಮುಚ್ಚುವುದು. ಪಿಜಿ ಒಂದು ವಾರ ಒಂದು ಹೆಜ್ಜೆ, ಮುಂದಿನ ವಾರ ಎರಡು, ಹೀಗೆ ಹೋಗಲಿ. ಹಿಂದಿನ ದಿನ ನಮ್ಮ ಡಿಸೆಕ್ಷನ್ ಹಾಲ್‌ಗೆ ಅವರನ್ನು ಕಳಿಸಿ, ಕೆಡಾವರ್ (ಮೃತದೇಹ) ಮೇಲೆ ಅದೇ ಜಾಗ ತೋರಿಸುತ್ತೇವೆ. ಬುಧವಾರ ಮಧ್ಯಾಹ್ನ ಮೂರರ ಮೇಲೆ ಹಾಲ್ ಖಾಲಿ ಇರುತ್ತದೆ.

ಬಯಲುಸೀಮೆ ಸರ್ಜನ್

ಬುಧವಾರ ಮೂರಕ್ಕೆ ಕಳಿಸುತ್ತೇನೆ ಮೇಡಂ, ನಾನೂ ಜೊತೆಗೆ ಬರುತ್ತೇನೆ. ಹರ್ನಿಯಾದ ಹಾಳೆ ಇವತ್ತು ರಾತ್ರಿಯೇ ಹಾಕುತ್ತೇನೆ. ಒಪ್ಪಿಗೆ ಪತ್ರ ಭಾನುವಾರದ ಹೊತ್ತಿಗೆ.